ಗುಂಡಿ ಡಬ್ಬಿಯಲ್ಲಿ ಭಾವನ ಫೈಲು

ನಮ್ಮ ಭಾವನ ಯಾವ ವಸ್ತುವೂ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಹಾಗಂತ ಯಾವುದೂ ಕಳೆದುಹೋಗಿರುವುದೂ ಇಲ್ಲ. ಇದು ಹೇಗೆ ಸಾಧ್ಯ ಎಂದು ಅನುಮಾನವಿದ್ದರೆ ಕೊಪ್ಪಕ್ಕೆ ಬನ್ನಿ, ಒಂದು ದಿನ ಅವರ ಜೊತೆ ಓಡಾಡಿ. ಆಮೇಲೆ ನಿಮ್ಮ ತಲೆ ಇರಬೇಕಾದ ಜಾಗದಲ್ಲೇ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಳ್ಳಿ!

ಭಾವ ಎಂದರೆ ನನ್ನ ಅಕ್ಕನ ಗಂಡ, ಈಗ ನಮ್ಮ ಇಡೀ ಆಸ್ಪತ್ರೆಗೇ ಭಾವ. ಅವರ ಎರಡನೇ ಕನ್ನಡಕ ಕೊಪ್ಪದ ಕ್ಷೌರದಂಗಡಿಯಲ್ಲಿ, ಕನ್ನಡಿಯ ಹಿಂದೆ ಇದೆ. ಎರಡನೇ ಕೊಡೆ ಶೃಂಗೇರಿ ಬಸ್‌ಸ್ಟ್ಯಾಂಡಿನ ಹೋಟೆಲ್ಲೊಂದರ ಮೊಳೆಯಲ್ಲಿ ವರ್ಷಗಳಿಂದ ನೇತಾಡುತ್ತಿದೆ. ಹೋಟೆಲಿನವರು ಗೋಡೆಗೆ ಸುಣ್ಣ ಹೊಡೆದಾಗ ಅದಕ್ಕೂ ಸ್ವಲ್ಪ ಹೊಡೆದಿದ್ದಾರೆ. ಒಂದು ಜೊತೆ ಪಂಚೆ, ಅಂಗಿ ಬೇಗಾರಿನ ಸೋದರತ್ತೆಯ ಮನೆಯಲ್ಲಿ. ಒಂದು ಜೊತೆ ಚಪ್ಪಲಿ ನನ್ನ ಆಫೀಸಿನ ಮೇಜಿನಡಿಯಲ್ಲಿ. ಕೆಲಸಕ್ಕೆಂದು ಬಂದವರು ಆ ದೊಡ್ಡ ಗಂಡಸರ ಚಪ್ಪಲಿಯನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಾರೆ. ನಾನೇನು ಹೇಳಲಿ?

"ಎಂತಕ್ಕೆ ಭಾವ ಇದೆಲ್ಲ?" ಎಂದು ಒಮ್ಮೆ ಕೇಳಿದೆ.

"ಒಂದು ಕಳೆದ್ರೆ?"

"ಇನ್ನೊಂದನ್ನ ಮನೇಲೇ ಇಟ್ಕೊಳ್ಳಬಹುದಲ್ಲ!"

"ಮನೆಯೇ ಕಳೆದ್ರೆ?"

ಇಂಥವರ ಹತ್ತಿರ ವಾದ ಮಾಡಿ ಗೆಲ್ಲುವುದುಂಟೇ?

ಮನೆಯ ಎರಡನೇ ಬೀಗದ ಕೈಯ ಕತೆ ಕೇಳಿ. ಅದು ಇರುವುದು ನರಸಿಂಹರಾಜಪುರದಲ್ಲಿರುವ ನಮ್ಮ ಆಸ್ಪತ್ರೆಯ ಕ್ಲಿನಿಕ್ಕಿನ ಡ್ರಾಯರಿನಲ್ಲಿ. ಒಂದು ಭಾನುವಾರ ಅಕ್ಕ, ಭಾವ ಇಬ್ಬರೂ ಹೊರಗಿದ್ದಾಗ ಮನೆಯ ಬಾಗಿಲು ಎಳೆದುಕೊಂಡಿತು, ಬೀಗದ ಕೈ ಒಳಗೆ ಉಳಿಯಿತು. ಅಕ್ಕ ಬಡಗಿಯನ್ನು ಕರೆಯೋಣ ಎಂದಳು. ಭಾವನಿಗೆ ಅವಮಾನವಾಯಿತು. ಇಂಥ ದಿನಕ್ಕೇ ಅಲ್ಲವೇ ತಾವು ಇಷ್ಟು ವರ್ಷ ಕಾದದ್ದು! ಮೀಸೆ ತಿರುವಿಕೊಂಡು ಎನ್.ಆರ್. ಪುರದ ಬಸ್ ಹತ್ತಿದರು. ಅಲ್ಲಿ ಹೋಗಿ ನೋಡಿದರೆ ಭಾನುವಾರ, ಕ್ಲಿನಿಕ್ಕಿಗೆ ಬೀಗ. ಕ್ಲಿನಿಕ್ಕಿನ ಎರಡನೇ ಕೈ ಎಲ್ಲಿದೆ? ಕೊಪ್ಪದ ಮನೆಯೊಳಗೆ, ದೇವರ ಗೂಡಿನ ಪಕ್ಕದ ಮೊಳೆಯಲ್ಲಿ!

ಅಕ್ಕ ಅಷ್ಟರಲ್ಲಿ ನಮ್ಮ ಮನೆಗೆ ಬಂದು ಊಟ ಮಾಡಿ, ಒಂದು ನಿದ್ದೆ ತೆಗೆದು, ಕಾಫಿ ಕುಡಿಯುತ್ತಿದ್ದಳು. ಸಂಜೆ ಬಸ್ಸಿಳಿದು ಬಂದ ಭಾವನ ಮುಖದಲ್ಲಿ ಸೋಲಿನ ಲಕ್ಷಣವೇ ಇರಲಿಲ್ಲ.

"ನೋಡಿದ್ಯಾ ಮಾರಾಯ್ತಿ," ಎಂದರು ನನಗೆ. "ಎರಡೂ ಬೀಗದ ಕೈ ಎಷ್ಟು ಭದ್ರವಾಗಿ ಇದಾವೆ!"

ಈ ಕಾಯಿಲೆಯನ್ನು ಅವರಿಗೆ ಅಂಟಿಸಿದ್ದು ನಮ್ಮ ತವರುಮನೆಯ ನಾಯಿ. ಸುಳ್ಳು ಹೇಳುತ್ತಿಲ್ಲ! ಭಾವ ಅಕ್ಕನನ್ನು ನೋಡಲು ನೆಮ್ಮಾರಿನ ನಮ್ಮ ಮನೆಗೆ ಬಂದಿದ್ದರು. ಹಿರಿಯರೆಲ್ಲ ಉಪ್ಪಿಟ್ಟು, ಕೇಸರಿಬಾತು ಮುಗಿಸಿ, "ಹುಡುಗ, ಹುಡುಗಿ ಎಂತಾದ್ರೂ ಮಾತಾಡೋದಿದ್ರೆ ಮಾತಾಡ್ಕೊಳ್ಳಲಿ" ಎಂದು ಇಬ್ಬರನ್ನೂ ಜಗಲಿಯ ತುದಿಗೆ ಕಳಿಸಿದರು. ಕಾವಲಿಗೆ ನಾನು. ಭಾವ ಏನೇನೋ ಬಾಯಿಪಾಠ ಮಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ, ಗಂಟಲು ಸರಿಮಾಡಿಕೊಂಡದ್ದೇ ಬಂತು, ಒಂದು ಮಾತೂ ಹೊರಡಲಿಲ್ಲ. ಅಕ್ಕ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು. ಪಾಪ, ನಾಚಿಕೆ ಎಂದುಕೊಂಡರು ಭಾವ. ನಾಚಿಕೆಯಂತೆ, ನಮ್ಮ ಅಕ್ಕನಿಗೆ! ಅವಳು ನೋಡುತ್ತಿದ್ದದ್ದು ಅಂಗಳವನ್ನು. ಕೊನೆಗೂ ಬಾಯಿಬಿಟ್ಟಳು.

"ನಿಮ್ಮ ಚಪ್ಪಲಿ ನಾಯಿ ಕಚ್ಕೊಂಡು ಹೋತು."

ಭಾವ ಆ ದಿನ ನಮ್ಮ ಅಪ್ಪಯ್ಯನ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೋದರು. ಮದುವೆಯೇನೋ ಆಯಿತು. ಉಳಿದ ಒಂಟಿ ಚಪ್ಪಲಿಗೆ ಮಾತ್ರ ಜೊತೆ ಸಿಗಲಿಲ್ಲ. ಅಂದಿನಿಂದ ಭಾವ ಎಲ್ಲದಕ್ಕೂ ಇನ್ನೊಂದನ್ನು ಮಾಡಿಸಿ ಬೇರೆ ಊರಲ್ಲಿ ಇಡಲು ಶುರುಮಾಡಿದರು.

ಇಷ್ಟಕ್ಕೆ ನಿಂತಿದ್ದರೆ ಸುಖವಾಗಿರುತ್ತಿದ್ದೆವು. ಭಾವ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಕಂಪ್ಯೂಟರು ನೋಡಿಕೊಳ್ಳುವವರು. ಮೊದಲು ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದರು. ಅವೆಲ್ಲ ಕೆಡುವುದನ್ನು ನಿಲ್ಲಿಸಿದ ಮೇಲೆ ಇದಕ್ಕೆ ಬಂದರು. ಕೊಪ್ಪದಲ್ಲಿ ಆಸ್ಪತ್ರೆ, ಶೃಂಗೇರಿಯಲ್ಲೊಂದು, ಎನ್.ಆರ್. ಪುರದಲ್ಲೊಂದು ಕ್ಲಿನಿಕ್ಕು. ಹೃದಯದ ಡಾಕ್ಟರು ಒಬ್ಬರೇ, ಅವರು ಕೂರುವುದು ಕೊಪ್ಪದಲ್ಲಿ. ಬೇರೆ ಎರಡು ಊರಲ್ಲಿ ಯಾರಿಗಾದರೂ ಎದೆನೋವು ಎಂದರೆ ಇಸಿಜಿ ತೆಗೆದು ಲೈನಿನಲ್ಲಿ ಕಳಿಸುತ್ತಾರೆ, ಡಾಕ್ಟರು ಇಲ್ಲಿ ಕೂತು ನೋಡಿ ಹೇಳುತ್ತಾರೆ. ಮೂರೂ ಕಡೆಯ ಮೇಜಿನ ಫೋನುಗಳೂ ಅದೇ ಲೈನಿನಲ್ಲಿ. ಇವಕ್ಕೆಲ್ಲ ಕಾವಲಾಗಿ ನನ್ನ ಆಫೀಸಿನ ಹಿಂದಿನ ಕೋಣೆಯಲ್ಲಿ ಒಂದು ಡಬ್ಬ ಕೂತಿದೆ. ಅದರ ಹೆಸರು ಫೈರ್‌ವಾಲ್.

"ಹಾಗಂದ್ರೆ ಎಂತದು ಭಾವ?"

"ದಣಪೆ ಮಾರಾಯ್ತಿ. ಬೇಲಿಗೆ ದಣಪೆ ಇಲ್ವಾ? ಅಡ್ಡ ಗಳ ಹಾಕಿದ್ರೆ ಹಾದಿಯ ದನ ಒಳಗೆ ಬರಲ್ಲ, ನಮ್ಮ ದನಕ್ಕೆ ಮಾತ್ರ ತೆಗೀತೀವಿ. ಯಾರು ಬರಬಹುದು, ಯಾರು ಬರಬಾರದು, ಶೃಂಗೇರಿದು ಯಾವ ಕಡೆ, ಪುರದ್ದು ಯಾವ ಕಡೆ, ಎಲ್ಲ ಒಂದು ಫೈಲಲ್ಲಿ ಬರೆದಿರ್ತದೆ. ಆ ಫೈಲು ಇಲ್ಲದಿದ್ರೆ ಡಬ್ಬ ಬರೀ ಡಬ್ಬ."

ಪ್ರಶ್ನೆ ಇದ್ದದ್ದು ಆ ಫೈಲನ್ನು ಎಲ್ಲಿ ಇಡುವುದು ಎಂದು. ನಿಮಗೂ ನನಗೂ ಇದೊಂದು ಪ್ರಶ್ನೆಯೇ ಅಲ್ಲ. ಭಾವನಿಗೆ? ಮಗಳಿಗೆ ಗಂಡು ಹುಡುಕುವವರು ಕೂಡ ಅಷ್ಟು ಯೋಚನೆ ಮಾಡುವುದಿಲ್ಲ! ಡಬ್ಬ ಮಾರಿದ ಕಂಪನಿಯಿಂದ ಒಬ್ಬರು ಟೈ ಕಟ್ಟಿಕೊಂಡು ಬಂದಿದ್ದರು. ಡಾಕ್ಟರು, ನಾನು, ಭಾವ ಎದುರಿಗೆ ಕೂತಿದ್ದೆವು.

"ಫೈಲು ಬಾಕ್ಸಲ್ಲೇ ಸೇವ್ ಆಗಿರುತ್ತೆ ಸಾರ್," ಎಂದರು ಟೈ.

"ಬಾಕ್ಸು ಸತ್ರೆ?"

"ಒಂದು ಪೆನ್‌ಡ್ರೈವ್ ಅದಕ್ಕೇ ಚುಚ್ಚಿಡಿ."

"ಸಿಡಿಲು ಬಂದ್ರೆ ಚುಚ್ಚಿದ್ದೂ ಸಾಯ್ತದೆ."

"ಪಕ್ಕದ ಕಂಪ್ಯೂಟರಲ್ಲಿ ಇಡಿ."

"ಅದೂ ಅದೇ ಪ್ಲಗ್ಗಿನಲ್ಲಿ ಉಂಟು."

"ಹಾಗಾದ್ರೆ ಇಂಟರ್‌ನೆಟ್ಟಲ್ಲಿ ಇಡಿ ಸಾರ್! ಎಲ್ಲಿಂದ ಬೇಕಾದ್ರೂ ತೆಗೀಬಹುದು."

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲ ಸ್ವಾಮಿ, ಇಂಟರ್‌ನೆಟ್ಟಿಗೆ ಹೋಗಬೇಕಾದ್ರೆ ಈ ಡಬ್ಬ ಬೇಕು. ಡಬ್ಬ ಏಳಬೇಕಾದ್ರೆ ಫೈಲು ಬೇಕು. ಫೈಲು ಇಂಟರ್‌ನೆಟ್ಟಲ್ಲಿ! ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡ ಹಾಗೆ ಆಗಲ್ವಾ?"

ಈ ವಿಷಯದಲ್ಲಿ ಅವರಿಗಿದ್ದ ಅನುಭವ ನಮಗೆಲ್ಲ ಗೊತ್ತಿದ್ದದ್ದೇ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಟೈಯವರು "ಮೊಬೈಲ್ ಸಿಗ್ನಲ್ ಇರುತ್ತಲ್ಲ ಸಾರ್" ಎಂದದ್ದೇ ತಪ್ಪಾಯಿತು. ಕರೆಂಟು ಹೋದರೆ ಟವರೂ ಮಲಗುವ ನಮ್ಮ ಊರಿನ ಕತೆಯನ್ನು ಭಾವ ಅವರಿಗೆ ವಿವರವಾಗಿ ಹೇಳಿದರು. ಪುಣ್ಯಾತ್ಮರು ಮಜ್ಜಿಗೆ ಕುಡಿದು ತಲೆ ಹಿಡಿದುಕೊಂಡು ಹೊರಟರು.

ಆಮೇಲೆ ಭಾವ ತಮ್ಮ ತೀರ್ಮಾನ ಹೇಳಿದರು. ಫೈಲು ಡಬ್ಬದಲ್ಲೂ ಇರಲಿ, ಪಕ್ಕದ ಕಂಪ್ಯೂಟರಿನಲ್ಲೂ ಇರಲಿ, ಎನ್.ಆರ್. ಪುರದ ಡ್ರಾಯರಿನಲ್ಲೂ ಒಂದಿರಲಿ. ಆದರೆ ಅಸಲಿಗೆ ನಂಬುವ ಪ್ರತಿ ಇರುವುದು ಪಕ್ಕದ ಕಟ್ಟಡದ ಟೈಲರಕ್ಕನ ಅಂಗಡಿಯಲ್ಲಿ!

"ಆಸ್ಪತ್ರೆಯ ಗುಟ್ಟೆಲ್ಲ ಬಟ್ಟೆ ಹೊಲಿಯೋ ಅಂಗಡೀಲಾ?" ಡಾಕ್ಟರು ಹೌಹಾರಿದರು.

"ನಮ್ಮ ಅಮ್ಮ ಹೆಪ್ಪು ಎಲ್ಲಿ ಇಡ್ತಿದ್ರು ಡಾಕ್ಟ್ರೇ? ಪಕ್ಕದ ಮನೇಲಿ. ದಿನಾ ಅವರಿಗೆ ನಾಲ್ಕು ಹನಿ ಮೊಸರು ಕೊಟ್ಟೇ ಕೊಡೋರು. ನಮ್ಮ ಪಾತ್ರೆ ಬೆಕ್ಕು ಚೆಲ್ಲಿದ ದಿನ ನಮ್ಮದೇ ಮೊಸರು ಅವರ ಮನೆಯಿಂದ ವಾಪಸ್ ಬರ್ತಿತ್ತು. ಒಂದೇ ಒಲೆ ಹತ್ರ ಎರಡು ಪಾತ್ರೆ ಇಟ್ರೆ ಎಂತ ಬಂತು? ದೂರ ಇರಬೇಕು, ಆದ್ರೆ ಕೂಗಿದ್ರೆ ಕೇಳಬೇಕು. ಗುಟ್ಟಿನ ಚಿಂತೆ ಬೇಡ, ಫೈಲಿಗೆ ಪಾಸ್‌ವರ್ಡ್ ಹಾಕಿದೀನಿ."

"ಪಾಸ್‌ವರ್ಡ್ ಎಲ್ಲಿಟ್ಟಿದೀರಿ?" ನಾನು ಕೇಳಿದೆ. ಎಲ್ಲಿ, ಬೇಗಾರಿನ ಪಂಚೆಯ ಅಂಚಿನಲ್ಲೋ?

"ನಿನ್ನ ತಲೇಲಿ."

"ನನಗೆ ನೀವು ಹೇಳೇ ಇಲ್ಲವಲ್ಲ!"

"ಇಟ್ಟಾಗಿದೆ. ಬೇಕಾದಾಗ ಸಿಗ್ತದೆ."

ಡಾಕ್ಟರು ನನ್ನ ತಲೆಯ ಕಡೆ ಅಪನಂಬಿಕೆಯಿಂದ ನೋಡಿದರು. ನನಗೂ ಅಂಥ ನಂಬಿಕೆಯೇನೂ ಇರಲಿಲ್ಲ.

ಹೀಗೆ ಪೆನ್‌ಡ್ರೈವು ಟೈಲರಕ್ಕನ ಗುಂಡಿ ಡಬ್ಬಿ ಸೇರಿತು. ಅಂಗಿಯ ಗುಂಡಿ, ರವಿಕೆಯ ಹುಕ್ಕುಗಳ ನಡುವೆ ನಮ್ಮ ಮೂರೂರಿನ ದಣಪೆ! ಫೈಲು ಬದಲಾದಾಗಲೆಲ್ಲ ಭಾವ ಹೋಗಿ ಹಳೆಯದನ್ನು ತಂದು ಹೊಸದನ್ನು ಇಟ್ಟು ಬರುವುದು. "ಭಾವ ಹೆಪ್ಪು ಇಡೋಕೆ ಬಂದ್ರು" ಎಂದು ಟೈಲರಕ್ಕ ನಗುವುದು. ಡಬ್ಬ ಸತ್ತರೆ ಇನ್ನೊಂದು ಡಬ್ಬ ಬೇಕಲ್ಲ? ಅದು ಅಕ್ಕನ ಹಳೇ ಹತ್ತಿಸೀರೆಯಲ್ಲಿ ಸುತ್ತಿಕೊಂಡು, ಯಾವ ತಂತಿಯ ಸಂಪರ್ಕವೂ ಇಲ್ಲದೆ, ನನ್ನ ಕಪಾಟಿನಲ್ಲಿ ಬಾಣಂತಿಯ ಹಾಗೆ ಬೆಚ್ಚಗೆ ಮಲಗಿತ್ತು. ಫೈಲನ್ನು ಅದಕ್ಕೆ ತುಂಬುವುದು ಹೇಗೆ ಎಂದು ನನಗೆ ಎಷ್ಟು ಸಲ ಮಾಡಿಸಿದ್ದರೆಂದರೆ, ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವಾಗಲೂ ನನ್ನ ಕೈ ಅದೇ ಕ್ರಮದಲ್ಲಿ ಓಡುತ್ತಿತ್ತು. ಪಾಸ್‌ವರ್ಡಿನ ಹಂತ ಬಂದಾಗ ಮಾತ್ರ "ಇದು ನಾನು ಹಾಕ್ತೀನಿ, ಮುಖ ಆ ಕಡೆ ಮಾಡು" ಎನ್ನುತ್ತಿದ್ದರು.

ಇದಲ್ಲದೆ ಇನ್ನೊಂದು ಹುಚ್ಚು. ಪ್ರತಿ ಶನಿವಾರ ನನ್ನ ಮೇಜಿನ ಮುಂದೆ ಕೂತು ಕಾಫಿ ಕುಡಿಯುತ್ತಾ, "ನಿನ್ನ ಅಕ್ಕ ನನ್ನ ಹತ್ರ ಮೊದಲು ಆಡಿದ ಮಾತು ಎಂತದು?" ಎಂದು ಕೇಳುವುದು.

"ಭಾವ, ಹೋದ ವಾರ ಹೇಳಿದೀನಿ!"

"ಇನ್ನೊಂದು ಸಲ ಹೇಳು. ಅವಳು ಹೇಳಿದ ಹಾಗೇ ಹೇಳಬೇಕು."

ನಾನು ಹೇಳುತ್ತಿದ್ದೆ. ಅವರು ಕಣ್ಣುಮುಚ್ಚಿ ಕೇಳಿಸಿಕೊಂಡು, ಲೋಟ ಇಟ್ಟು ಎದ್ದು ಹೋಗುತ್ತಿದ್ದರು. ವಯಸ್ಸಾಯಿತು, ಪಾಪ, ಎಂದುಕೊಳ್ಳುತ್ತಿದ್ದೆ.

ನವರಾತ್ರಿ ಮುಗಿದ ಮೇಲಿನ ವಾರ. ಹಿಂಗಾರಿನ ದಿನ ಹೇಗಿರುತ್ತದೆ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಸುಡುಬಿಸಿಲು, ಮಧ್ಯಾಹ್ನ ದಿಢೀರನೆ ಗುಡುಗು. ಭಾವ ಬ್ಯಾಟರಿ ಬದಲಿಸಲೆಂದು ಶೃಂಗೇರಿ ಕ್ಲಿನಿಕ್ಕಿಗೆ ಹೋಗಿದ್ದರು. ಊಟದ ಹೊತ್ತು ಕಳೆದು, ಹೊರಗೆ ಕತ್ತಲು ಕವಿಯುತ್ತಿದ್ದಾಗ ಮೇಜಿನ ಫೋನು ಹೊಡೆದುಕೊಂಡಿತು. ಶೃಂಗೇರಿಯ ನರ್ಸಮ್ಮ.

"ಅಕ್ಕಾ, ಭಾವ ಎದೆ ಹಿಡ್ಕೊಂಡು ಕೂತಿದಾರೆ. ತುಂಬಾ ಬೆವರ್ತಿದಾರೆ. ಇಸಿಜಿ ತೆಗ್ದಿದೀವಿ, ಈಗ ಕಳಿಸ್ತೀವಿ, ಡಾಕ್ಟ್ರಿಗೆ ಸ್ವಲ್ಪ ಬೇಗ..."

ಅಷ್ಟರಲ್ಲಿ ಸಿಡಿಲು! ಆಸ್ಪತ್ರೆಯ ಹಿಂದೆಯೇ ಬಿದ್ದಿರಬೇಕು. ಕಿಟಕಿಯ ಗಾಜು ನಡುಗಿತು, ದೀಪ ಆರಿತು, ಫೋನು ಸತ್ತಿತು. ಜನರೇಟರ್ ಶುರುವಾಗಿ ದೀಪ ಬಂತು, ಫೋನು ಬರಲಿಲ್ಲ. ಹಿಂದಿನ ಕೋಣೆಗೆ ಓಡಿದರೆ ಸುಟ್ಟ ವಾಸನೆ. ಡಬ್ಬದಲ್ಲಿ ಒಂದು ದೀಪವೂ ಇಲ್ಲ. ಪಕ್ಕದ ಕಂಪ್ಯೂಟರೂ ಹೋಗಿತ್ತು. ಮೊಬೈಲು ತೆಗೆದೆ, ಸಿಗ್ನಲ್ ಇಲ್ಲ.

ಡಾಕ್ಟರ ಕೋಣೆಗೆ ಓಡಿದೆ. ಅವರ ಮುಖವೂ ಇಳಿದುಹೋಯಿತು. "ಇಸಿಜಿ ನೋಡದೆ ನಾನು ಎಂತ ಹೇಳಲಿ ಅಮ್ಮ? ಹೃದಯಾಘಾತ ಆಗಿದ್ರೆ ಅಲ್ಲಿಂದ್ಲೇ ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿಗೆ ತಂದ್ರೆ ಹೊತ್ತು ಹಾಳು. ಏನೂ ಆಗದಿದ್ರೆ ಈ ಗುಡುಗಲ್ಲಿ ಘಟ್ಟದ ದಾರಿ ಯಾಕೆ?" ಎಂದು ಜೀಪನ್ನಂತೂ ಶೃಂಗೇರಿಗೆ ಓಡಿಸಿದರು. ಅದು ಮುಟ್ಟಲು ಒಂದು ಗಂಟೆಯಾದರೂ ಬೇಕು. ಅಲ್ಲಿದ್ದ ಹೊಸ ಡಾಕ್ಟರಮ್ಮ ಇವರ ಮಾತಿಗಾಗಿ ಕಾಯುತ್ತಿರುತ್ತಾಳೆ. ಭಾವ ಬೆವರುತ್ತಾ ಮಲಗಿರುತ್ತಾರೆ.

ಅಕ್ಕನ ಸೀರೆ ಬಿಚ್ಚಿ ಹೊಸ ಡಬ್ಬ ತೆಗೆದು ತಂತಿ ಸಿಕ್ಕಿಸಿದೆ. ಲೈನು ಇತ್ತು, ದೇವರು ದೊಡ್ಡವನು. ಇಲ್ಲದ್ದು ಫೈಲು. ಹೊರಗೆ ಸುರಿಯುತ್ತಿದ್ದ ಮಳೆಯಲ್ಲೇ ಟೈಲರಕ್ಕನ ಅಂಗಡಿಗೆ ಓಡಿದೆ. ಅವಳು ಸಿಡಿಲಿಗೆ ಹೆದರಿ ಹೊಲಿಗೆ ಯಂತ್ರದ ಪಕ್ಕ ಮುದುರಿ ಕೂತಿದ್ದಳು.

"ಹೆಪ್ಪು ಕೊಡು ಮಾರಾಯ್ತಿ, ಬೇಗ!"

ಅವಳು ಗುಂಡಿ ಡಬ್ಬಿಯನ್ನು ಬಟ್ಟೆಯ ಮೇಲೆ ಸುರುವಿದಳು. ಸಿಕ್ಕಿತು! ಕೈಗೆ ತೆಗೆದುಕೊಂಡು ನೋಡುತ್ತೇನೆ, ಪೆನ್‌ಡ್ರೈವಿನ ಮೈತುಂಬ ಅರಿಸಿನ, ಕುಂಕುಮ! ಚುಚ್ಚುವ ಬಾಯಿಯೊಳಗೂ ಕುಂಕುಮ ಮೆತ್ತಿ ಒಣಗಿದೆ.

"ಇದೆಂತ ಮಾಡಿದ್ಯೇ?"

"ಆಯುಧಪೂಜೆ ದಿನ ಮಿಷನ್ನಿಗೆ ಇಟ್ಟೆ, ಕತ್ತರಿಗೆ ಇಟ್ಟೆ. ಇದೊಂದಕ್ಕೆ ಮಾತ್ರ ಬಿಡೋಕಾಗ್ತದಾ ಅಕ್ಕ? ಭಾವನ ವಸ್ತು ಅಲ್ವಾ?"

ಬೈಯಲು ಬಾಯಿ ತೆರೆದೆ. ಆದರೆ ಕಳೆದ ವರ್ಷ ಫೈರ್‌ವಾಲಿಗೆ ಹೂವಿನ ಹಾರ ಹಾಕಿ ಅದರ ತೂತುಗಳಲ್ಲೆಲ್ಲ ಅಕ್ಷತೆ ಬೀಳಿಸಿದ ಮಹಾನುಭಾವರು ನಮ್ಮ ಭಾವನೇ. ಯಾರನ್ನು ಬೈಯಲಿ? ಅವಳದೇ ಸೂಜಿ ಇಸಿದುಕೊಂಡು ಅಲ್ಲೇ ಕೂತು ಕೆರೆದೆ. ಊದಿದೆ. ಮತ್ತೆ ಕೆರೆದೆ. ಟೈಲರಕ್ಕ ಪಕ್ಕದಲ್ಲಿ ನಿಂತು, "ಭಾವ ಬರ್ಲಿಲ್ವಾ? ಎಂತ ಆತು?" ಎಂದು ಕೇಳಿದಳು. ಹೇಳಿದೆ. ಅವಳು ಸೆರಗು ತಲೆಮೇಲೆ ಎಳೆದುಕೊಂಡು ಮಳೆಯಲ್ಲೇ ಅಕ್ಕನ ಮನೆಯ ಕಡೆ ಓಡಿದಳು.

ಆಫೀಸಿಗೆ ಬಂದು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಏನೂ ಇಲ್ಲ. ತೆಗೆದು ಸೀರೆಯ ಅಂಚಿನಲ್ಲಿ ತಿಕ್ಕಿ, ದೇವರನ್ನು ನೆನೆದು ಮತ್ತೆ ಚುಚ್ಚಿದೆ. ಫೈಲು ಕಂಡಿತು! ಕೈ ತಾನಾಗಿ ಓಡಿತು, ಹೊಸ ಡಬ್ಬಕ್ಕೆ ಅದನ್ನು ಕೊಟ್ಟೆ. ತೆರೆಯ ಮೇಲೆ ಒಂದು ಖಾಲಿ ಚೌಕ ಬಂದು ನಿಂತಿತು. ಪಾಸ್‌ವರ್ಡ್.

ಅಕ್ಕನ ಹೆಸರು ಹಾಕಿದೆ. ತಪ್ಪು. ಭಾವನ ಊರಿನ ಹೆಸರು ಹಾಕಿದೆ. ತಪ್ಪು. ಡಾಕ್ಟರು ಬಾಗಿಲಲ್ಲಿ ಬಂದು ನಿಂತರು. ನಿನ್ನ ತಲೇಲಿ ಇಟ್ಟಿದೀನಿ ಎಂದಿದ್ದರಲ್ಲ, ಯಾವ ಮೂಲೆಯಲ್ಲಿ ಇಟ್ಟಿದ್ದೀರಿ ಭಾವ? ನನಗೆ ಅಳು ಬಂತು. ಏನೂ ತೋಚದೆ ಕಾಲು ಮುಂದೆ ಚಾಚಿದೆ. ಮೇಜಿನಡಿಯಲ್ಲಿ ಏನೋ ತಗುಲಿತು. ಬಗ್ಗಿ ನೋಡಿದರೆ ಭಾವನ ಚಪ್ಪಲಿ!

ಅಯ್ಯೋ, ಶನಿವಾರದ ಕಾಫಿ!

ನಿಮ್ಮ ಚಪ್ಪಲಿ ನಾಯಿ ಕಚ್ಕೊಂಡು ಹೋತು. ಅಕ್ಕ ಹೇಳಿದ ಹಾಗೇ, ಒಂದೊಂದೇ ಅಕ್ಷರ, ಜಾಗ ಬಿಡದೆ ಹಾಕಿದೆ. ಚೌಕ ಮಾಯವಾಯಿತು. ಡಬ್ಬದ ದೀಪ ಕೆಂಪಾಗಿ, ಹಳದಿಯಾಗಿ, ಏನು ಯೋಚನೆ ಮಾಡುತ್ತಿತ್ತೋ, ಹಳದಿಯಲ್ಲೇ ನಿಂತು, ಕೊನೆಗೆ ಹಸಿರಾಯಿತು. ಮೇಜಿನ ಫೋನು ಹೊಡೆದುಕೊಂಡಿತು. ಎತ್ತಿದೆ.

"ಯಾವ ಜಾಗದ್ದು ಹಾಕ್ದೆ?" ಎಂದಿತು ಆ ಕಡೆಯ ದನಿ. ಭಾವ!

"ಭಾವ! ನೀವು ಹೇಗಿದೀರಿ?"

"ಅದಿರ್ಲಿ. ಗುಂಡಿ ಡಬ್ಬಿದಾ, ಪುರದ್ದಾ?"

"ಗುಂಡಿ ಡಬ್ಬಿದು..."

"ಹ್ಞಾ! ನಾನು ಹೇಳಿರಲಿಲ್ವಾ?" ದನಿ ಬಡವಾಗಿತ್ತು, ಆದರೆ ಗತ್ತಿಗೇನೂ ಕಡಿಮೆ ಇರಲಿಲ್ಲ.

ಅಷ್ಟು ಹೊತ್ತಿಗೆ ಇಸಿಜಿ ಬಂದಿತ್ತು, ಡಾಕ್ಟರು ನನ್ನ ಲ್ಯಾಪ್‌ಟಾಪಿನಲ್ಲೇ ಅದನ್ನು ತೆರೆದರು. ಅವರು ಅದನ್ನು ನೋಡುತ್ತಿದ್ದಷ್ಟು ಹೊತ್ತು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಇನ್ನೊಂದು ತೆಗೆಸಿ ತರಿಸಿಕೊಂಡರು, ಅದನ್ನೂ ನೋಡಿದರು. ಆಮೇಲೆ ಫೋನು ಇಸಿದುಕೊಂಡರು.

"ಭಾವ, ಮಧ್ಯಾಹ್ನ ಎಲ್ಲಿ ಊಟ ಮಾಡಿದ್ರಿ?"

"ಬೇಗಾರಲ್ಲಿ, ಅತ್ತೆ ಮನೇಲಿ."

"ಎಂತ ಮಾಡಿದ್ರು?"

"ಅಂಬೊಡೆ."

"ಎಷ್ಟು ತಿಂದ್ರಿ?"

"ಎಲೆ ಮೇಲೆ ಬಿದ್ದಷ್ಟು. ಬರೋ ಹೊತ್ತಿಗೆ ದಾರಿಗೆ ಅಂತ ಕಟ್ಟಿ ಬೇರೆ ಕೊಟ್ರು."

ಡಾಕ್ಟರು ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ಹೃದಯ ಚೆನ್ನಾಗಿದೆ ಅಮ್ಮ. ಗ್ಯಾಸು. ಆದ್ರೂ ಜೀಪಲ್ಲಿ ಇಲ್ಲಿಗೇ ಬರಲಿ, ರಕ್ತ ಪರೀಕ್ಷೆ ಒಂದು ಮಾಡಿಬಿಡೋಣ." ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ಜೋರಾಗಿ ಅತ್ತೆ. ಅತ್ತು ಮುಗಿಸಿ, ಅಂಬೊಡೆಯನ್ನೂ ಬೇಗಾರಿನ ಅತ್ತೆಯನ್ನೂ ಸೇರಿಸಿ ಬೈದೆ. ಎಷ್ಟು ಹಗುರಾಯಿತು ಅಂತೀರಿ!

ಜೀಪು ಬರುವ ಹೊತ್ತಿಗೆ ಮಳೆ ನಿಂತಿತ್ತು. ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಏನೂ ಆಗಿಲ್ಲ ಎಂದು ನಾನೂ ಡಾಕ್ಟರೂ ಎಷ್ಟು ಹೇಳಿದರೂ ಕೂತಿರಲಿಲ್ಲ. ಭಾವ ಜೀಪಿನಿಂದ ಮೆಲ್ಲಗೆ ಇಳಿದರು. ಅಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬರಿಗಾಲು! ಇಸಿಜಿಗೆ ಮಲಗುವಾಗ ಬಿಚ್ಚಿದ್ದು ಅಲ್ಲೇ ಉಳಿದಿತ್ತು.

"ಚಪ್ಪಲಿ ಎಲ್ಲಿ?" ಎಂದಳು.

"ನಾಯಿ ಕಚ್ಕೊಂಡು ಹೋತು," ಎಂದರು ಭಾವ.

ಅಕ್ಕ ನಗಲು ಹೋದಳು, ಅರ್ಧಕ್ಕೇ ಅಳು ಬಂತು. ಮುಖ ಆ ಕಡೆ ಮಾಡಿಕೊಂಡು, "ಇರಿ, ಇನ್ನೊಂದು ಇದೆಯಲ್ಲ, ತರ್ತೀನಿ" ಎಂದು ನನ್ನ ಆಫೀಸಿನ ಕಡೆ ಹೋದಳು.

ಭಾವ ಮೆಟ್ಟಿಲ ಮೇಲೆ ಕೂತರು. ನಾನು ಅವರಿಗೆ ಸರಿಯಾಗಿ ಬೈಯಬೇಕೆಂದು ಮಾತು ಜೋಡಿಸಿಕೊಂಡೇ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಅವರೇ ಮೆಲ್ಲಗೆ ಶುರುಮಾಡಿದರು.

"ಅಲ್ಲಿ ಮಲಗಿದ್ದಾಗ ಒಂದು ಯೋಚನೆ ಬಂತು ಮಾರಾಯ್ತಿ. ಇಷ್ಟು ವರ್ಷ ಎಲ್ಲದಕ್ಕೂ ಇನ್ನೊಂದು ಮಾಡಿ ಇಟ್ಟೆ. ಕೊಡೆ ಇಟ್ಟೆ, ಕನ್ನಡಕ ಇಟ್ಟೆ, ಫೈಲು ಇಟ್ಟೆ. ನಿನ್ನ ಅಕ್ಕನಿಗೆ ನಾನೊಬ್ನೇ ಅಲ್ವಾ? ನನ್ನದೊಂದು ಎಲ್ಲೂ ಇಟ್ಟಿಲ್ಲವಲ್ಲ ಅಂತ."

ಜೋಡಿಸಿಟ್ಟಿದ್ದ ಮಾತನ್ನೆಲ್ಲ ಬಿಟ್ಟು ಅವರ ಕೈ ಹಿಡಿದುಕೊಂಡು ಕೂತೆ.

ಅಕ್ಕ ಬಂದಳು. ಚಪ್ಪಲಿಯ ಧೂಳನ್ನು ಸೆರಗಿನಲ್ಲಿ ಒರೆಸಿ ಅವರ ಕಾಲ ಹತ್ತಿರ ಇಟ್ಟಳು. ಭಾವ ಬಗ್ಗಿ, ಎರಡೂ ಇವೆಯೇ ಎಂದು ನೋಡಿಕೊಂಡರು.